ಎಂಜಿಬಿ ಕಾರಿಗೆ ವೆಬರ್ ಕಾರ್ಬೊರೇಟರ್ ಮತ್ತು ಹೊಸ ಮ್ಯಾನಿಫೋಲ್ಡ್ ಅಳವಡಿಸುವ ಕ್ರಮ: ಚಿಕ್ಕಬಳ್ಳಾಪುರದ ಎತ್ತರಕ್ಕೆ ತಕ್ಕ ಹಾಗೆ

1962ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾದ ಎಂಜಿಬಿ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್‌ಗೆ ಕಾರ್ಖಾನೆಯಲ್ಲೇ ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್‌ಗಳನ್ನು (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿಕೊಡುವ ಭಾಗ) ಜೋಡಿಸಿರುತ್ತಿದ್ದರು. ಅವು ಸುಸ್ಥಿತಿಯಲ್ಲಿದ್ದರೆ ಮುಟ್ಟದಿರುವುದೇ ಲೇಸು. ಅವುಗಳ ಗಾಳಿ ಬಾಗಿಲು ತಿರುಗುವ ಸ್ಪಿಂಡಲ್ ಕಡ್ಡಿ ಸವೆದು ಸಂದಿಯಿಂದ ಬೇಡದ ಗಾಳಿ ಎಳೆಯುತ್ತಿದ್ದರೆ, ಅಥವಾ ಹೆಚ್ಚಿನ ವೇಗದಲ್ಲಿ ಎಂಜಿನ್ ಇನ್ನಷ್ಟು ಬಿಡುಬೀಸಾಗಿ ಓಡಬೇಕೆಂಬ ಆಸೆಯಿದ್ದರೆ, ಒಂದು ವೆಬರ್ 45 ಡಿಸಿಒಇ ಕಾರ್ಬೊರೇಟರ್ ಹಾಗೂ ಅದಕ್ಕೆ ಹೊಂದುವ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಎಂಜಿನ್‌ಗೆ ಮಿಶ್ರಣ ಒಯ್ಯುವ ಕೊಳವೆ) ಕೊಳ್ಳಬಹುದು. ಈ ಎಂಜಿನ್ನಿನ ಹೆಡ್‌ನಲ್ಲಿ ನಾಲ್ಕು ಸಿಲಿಂಡರ್‌ಗಳಿಗೆ ಸೇರಿ ಇರುವುದು ಎರಡೇ ಇನ್‌ಟೇಕ್ ಪೋರ್ಟ್ (ಮಿಶ್ರಣ ಒಳಹೋಗುವ ದ್ವಾರ), ಡಿಸಿಒಇಗೆ ಇರುವುದೂ ಎರಡು ಗಂಟಲು. ಆದ್ದರಿಂದ ಎರಡನೆಯ ವೆಬರ್‌ಗೆ ಹಣ ಸುರಿಯುವುದು ದಂಡ. ಬಿಚ್ಚಿದ ಎಸ್‌ಯುಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಿ.

ಕೆಲಸಕ್ಕೆ ಕೈಹಾಕುವ ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ಬಿಚ್ಚಬೇಕು. 1967ರವರೆಗಿನ ಎಂಜಿಬಿಗಳಲ್ಲಿ ಪಾಸಿಟಿವ್ ತುದಿಯೇ ಅರ್ತ್ ಆಗಿರುವುದರಿಂದ, ಅಭ್ಯಾಸಬಲದಿಂದ ಮೈನಸ್ ತುದಿಗೆ ಸ್ಪ್ಯಾನರ್ ಹಾಕಿದರೆ ಕಿಡಿ ಹಾರುವ ಅಪಾಯವಿದೆ. ಒಣಪುಡಿಯ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಕಾರ್ಬೊರೇಟರ್‌ನ ಕೆಳಗೇ ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ ಹಾದುಹೋಗುವ ಎಂಜಿನ್ ಇದು. ಹಳೆಯ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಸ್ಟಡ್ ಮುರಿಯುವ ಸಂಭವ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವ ಜಾಗ ಮ್ಯಾನಿಫೋಲ್ಡ್‌ನ ಫ್ಲಾಂಜ್, ಅಂದರೆ ಹೆಡ್‌ಗೆ ಒತ್ತಿ ಕೂರುವ ಚಪ್ಪಟೆ ಅಂಚು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಹೆಡ್‌ನ ಒಂದೇ ಬದಿಯಲ್ಲಿ, ಒಂದೇ ಗ್ಯಾಸ್ಕೆಟ್ ಮೇಲೆ ಕೂರುತ್ತವೆ. ನಡುವಿನ ಸ್ಟಡ್‌ಗಳ ದಪ್ಪ ವಾಷರ್ ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ ಕುಳಿತು ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಹೊಸ ಮ್ಯಾನಿಫೋಲ್ಡ್‌ನ ಫ್ಲಾಂಜ್ ಹಳೆಯ ಎಕ್ಸಾಸ್ಟ್ ಫ್ಲಾಂಜ್‌ಗಿಂತ ಅರ್ಧ ಮಿಲಿಮೀಟರ್ ತೆಳ್ಳಗಿದ್ದರೂ ವಾಷರ್ ಓರೆಯಾಗಿ, ಇನ್‌ಟೇಕ್ ಕಡೆ ಹಿಡಿತ ತಪ್ಪಿ, ಎಂಜಿನ್ ಗಾಳಿ ಎಳೆಯುತ್ತದೆ. ನಾನು ಮೊದಲ ಸಲ ಇದನ್ನು ಅಳೆಯದೆ ಬಿಗಿದು, ಐಡ್ಲಿಂಗ್ ನಿಲ್ಲದಿರುವುದಕ್ಕೆ ಎರಡು ಭಾನುವಾರ ಜೆಟ್‌ಗಳನ್ನು (ಕಾರ್ಬೊರೇಟರ್‌ನಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರದ ತುಂಡುಗಳು) ದೂರಿದ್ದೆ. ವರ್ನಿಯರ್ ಕ್ಯಾಲಿಪರ್‌ನಿಂದ ಎರಡೂ ಫ್ಲಾಂಜ್‌ಗಳನ್ನು ಅಳೆದು, ವ್ಯತ್ಯಾಸವಿದ್ದರೆ ಲೇತ್ ಅಂಗಡಿಯಲ್ಲಿ ಅಷ್ಟೇ ಅಳತೆಯ ಮೆಟ್ಟಿಲು ಬಿಟ್ಟ ವಾಷರ್‌ಗಳನ್ನು ಮಾಡಿಸಿಕೊಳ್ಳಿ. ನಟ್‌ಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಸಮನಾಗಿ ಬಿಗಿಯಬೇಕು.

ಅಂತಿಮವಾಗಿ ಬಿಗಿಯುವ ಮೊದಲು ಕಾರ್ಬೊರೇಟರನ್ನು ಸುಮ್ಮನೆ ಇಟ್ಟು, ಬಾನೆಟ್ ಮತ್ತು ಒಳಬದಿಯ ತಗಡಿಗೆ ತಾಗುವಂತಿರುವ ಕಡೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ ಬಾನೆಟ್ ಮುಚ್ಚಿ ತೆರೆಯಿರಿ. ಹಿಟ್ಟು ಎಷ್ಟು ಅಪ್ಪಚ್ಚಿಯಾಗಿದೆ ಎಂಬುದೇ ಅಳತೆ. ರಬ್ಬರ್ ಮೌಂಟಿಂಗ್ ಮೇಲೆ ಕುಳಿತ ಎಂಜಿನ್ ಓಲಾಡುವುದರಿಂದ ಕನಿಷ್ಠ ಒಂದು ಬೆರಳಿನಷ್ಟು ತೆರವು ಬೇಕು. ಡಿಸಿಒಇಯನ್ನು ಗಟ್ಟಿಯಾಗಿ ಬಿಗಿಯಬಾರದು. ರಬ್ಬರ್ ಓ-ರಿಂಗ್ ಇರುವ ತಟ್ಟೆ ಮತ್ತು ಸ್ಪ್ರಿಂಗ್ ವಾಷರ್‌ಗಳ ನಡುವೆ ಅದು ತುಸು ಅಲುಗುವಂತಿರಬೇಕು. ಇಲ್ಲವಾದರೆ ಎಂಜಿನ್ನಿನ ಕಂಪನಕ್ಕೆ ಫ್ಲೋಟ್ ಚೇಂಬರಿನ ಪೆಟ್ರೋಲ್ ನೊರೆಯೇಳುತ್ತದೆ.

ಬ್ರೇಕ್ ಸರ್ವೋ ಇರುವ ಕಾರಿನಲ್ಲಿ ಅದರ ವ್ಯಾಕ್ಯೂಮ್ ಪೈಪ್‌ಗೆ ಹೊಸ ಮ್ಯಾನಿಫೋಲ್ಡ್‌ನಲ್ಲಿ ಜಾಗವಿದೆಯೇ ಎಂದು ಕೊಳ್ಳುವಾಗಲೇ ನೋಡಿ. ಎಂಜಿನ್ ಒಳಗಿನ ಹೊಗೆಯನ್ನು ಎಸ್‌ಯು ಮೂಲಕ ಎಳೆಸುತ್ತಿದ್ದ ಪೈಪಿಗೆ ಡಿಸಿಒಇಯಲ್ಲಿ ಸ್ಥಾನವಿಲ್ಲ; ಅದನ್ನು ಒಂದು ಎಣ್ಣೆ ಹಿಡಿಯುವ ಡಬ್ಬಿಗೆ ಕೊಡಬೇಕೇ ಹೊರತು ಮುಚ್ಚಬಾರದು. ಪೆಟ್ರೋಲ್ ಒತ್ತಡ ಸುಮಾರು 3 ಪಿಎಸ್‌ಐ ಇದ್ದರೆ ಸಾಕು. ಈಗ ಬಂಕ್‌ಗಳಲ್ಲಿ ಸಿಗುವ, ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುವುದರಿಂದ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿ. ಆಕ್ಸಿಲರೇಟರ್ ಕೇಬಲ್ ಜೋಡಿಸಿದ ಮೇಲೆ ಎಂಜಿನ್ ಆರಿಸಿ, ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಬಟರ್‌ಫ್ಲೈ (ಗಂಟಲಿನೊಳಗಿನ ಗಾಳಿ ಬಾಗಿಲು) ಪೂರ್ತಿ ತೆರೆಯುವುದೇ, ಬಿಟ್ಟಾಗ ತಾನಾಗಿ ಮುಚ್ಚುವುದೇ ಎಂದು ನೋಡಲಿ. ಚಿತ್ರಗಳಲ್ಲಿ ಚಂದ ಕಾಣುವ, ಕಾರ್ಬೊರೇಟರ್ ಬಾಯಿಗೆ ಹಾಕುವ ಫಿಲ್ಟರ್ ಇಲ್ಲದ ಬರಿಯ ತುತ್ತೂರಿಗಳನ್ನು ಹಾಕಿಕೊಂಡು ಓಡಿಸುವ ಮೋಹ ಬೇಡ; ನಮ್ಮ ಕ್ರಷರ್ ರಸ್ತೆಗಳ ಕಲ್ಲಿನ ಧೂಳು ಫಿಲ್ಟರ್ ಇಲ್ಲದ ಸಿಲಿಂಡರನ್ನು ಬೇಗನೆ ತಿನ್ನುತ್ತದೆ.

ಇನ್ನು ಜೆಟ್‌ಗಳು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಎಂಟರಷ್ಟು ಕಡಿಮೆಯಾಗಿ, ಮಿಶ್ರಣ ನೂರಕ್ಕೆ ನಾಲ್ಕರಷ್ಟು ಗಾಢವಾಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅದಕ್ಕಾಗಿಯೇ ಜೆಟ್ ಚಿಕ್ಕದು ಮಾಡಿ ಎಂದು ಹಳಬರು ಹೇಳುತ್ತಿದ್ದುದು, ಆಗಿನ ಪೆಟ್ರೋಲಿಗೆ ಅದು ಸರಿಯೇ. ಆದರೆ ತೂಕದಲ್ಲಿ ಒಂದು ಪಾಲು ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಪಾಲು ಗಾಳಿ ಬೇಕಾದರೆ ಇ20ಗೆ ಬೇಕಾದದ್ದು ಸುಮಾರು 13.5 ಪಾಲು ಮಾತ್ರ. ಅಂದರೆ ಅದೇ ಜೆಟ್‌ನಲ್ಲಿ ಮಿಶ್ರಣ ನೂರಕ್ಕೆ ಎಂಟರಷ್ಟು ತೆಳುವಾಗುತ್ತದೆ. ಎತ್ತರ ಗಾಢ ಮಾಡಿದ್ದನ್ನು ಇ20 ಕಳೆದು, ಮೇಲೆ ಒಂದಿಷ್ಟು ತೆಳುವನ್ನೇ ಉಳಿಸುವುದರಿಂದ, ಇಂದು ಹಳೆಯ ಸಲಹೆಯಂತೆ ಜೆಟ್ ಇಳಿಸಿದರೆ ಪಿಸ್ಟನ್ ಸುಡುವ ದಾರಿ ಹಿಡಿದಂತೆ. ಮಾರಾಟಗಾರರು 1800 ಸಿಸಿಗೆ ಕೊಟ್ಟ ಜೆಟ್‌ಗಳಿಂದಲೇ ಆರಂಭಿಸಿ. ಜೆಟ್ ಮೇಲಿನ ಸಂಖ್ಯೆ ಮಿಲಿಮೀಟರ್‌ನ ನೂರನೆಯ ಭಾಗದಲ್ಲಿ ರಂಧ್ರದ ಅಗಲವನ್ನು ಹೇಳುತ್ತದೆ. 155ರಿಂದ 160ಕ್ಕೆ ಹೋದರೆ ರಂಧ್ರದ ವಿಸ್ತೀರ್ಣ ನೂರಕ್ಕೆ ಆರೂವರೆಯಷ್ಟು ಹಿಗ್ಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಐಡ್ಲಿಂಗ್ ಮಿಕ್ಸ್ಚರ್ ಸ್ಕ್ರೂಗಳನ್ನು ಹಗುರವಾಗಿ ಮುಚ್ಚಿ, ಎರಡನ್ನೂ ಒಂದೂವರೆ ಸುತ್ತು ಬಿಚ್ಚಿ ಸ್ಟಾರ್ಟ್ ಮಾಡಿ; ಎಂಜಿನ್ ಬಿಸಿಯಾದ ಮೇಲೆ ಒಂದೊಂದನ್ನೇ ತಿರುಗಿಸುತ್ತ ಅತ್ಯಂತ ಸಮನಾಗಿ ಓಡುವ ಜಾಗ ಹುಡುಕಬೇಕು. ಆಗಲೂ ಏರಿಳಿತವಿದ್ದರೆ ಗ್ಯಾಸ್ಕೆಟ್ ಅಂಚಿಗೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಎಂಜಿನ್ನಿನ ಸದ್ದು ಬದಲಾದ ಕಡೆ ಗಾಳಿ ಎಳೆಯುತ್ತಿದೆ.

ಪ್ಲಗ್‌ನ ಬಣ್ಣ ನೋಡಿ ತೀರ್ಮಾನಿಸುವುದು ಈಗಿನ ಪೆಟ್ರೋಲಿನಲ್ಲಿ ಅಷ್ಟು ನಂಬಿಕೆಗೆ ಯೋಗ್ಯವಲ್ಲ. ಸೈಲೆನ್ಸರ್ ಪೈಪಿಗೆ ಒಂದು ಬೋಲ್ಟ್ ಜಾಗ ವೆಲ್ಡ್ ಮಾಡಿಸಿ ಲ್ಯಾಂಬ್ಡಾ ಮೀಟರ್ (ಹೊಗೆಯಿಂದ ಮಿಶ್ರಣ ಅಳೆಯುವ ಸಾಧನ; 1ಕ್ಕಿಂತ ಕಡಿಮೆ ಎಂದರೆ ಗಾಢ) ಹಾಕಿದರೆ, ಪೂರ್ತಿ ಆಕ್ಸಿಲರೇಟರ್‌ನಲ್ಲಿ 0.86ರಿಂದ 0.90ರ ನಡುವೆ ಬರುವಂತೆ ಜೆಟ್ ಆರಿಸಬಹುದು. ಅನಂತರ ಜನಸಂಚಾರವಿಲ್ಲದ ವಾರದ ದಿನ ಬೆಳಿಗ್ಗೆ 1478 ಮೀಟರ್ ಎತ್ತರದ ನಂದಿ ಬೆಟ್ಟ ಹತ್ತಿಸಿ. ಮೇಲೆ ಹೋದಂತೆ ಮಿಶ್ರಣ ಗಾಢವಾಗುವುದು ಸಹಜ, ಊರಿನ ಮಟ್ಟಕ್ಕೆ ಮಾಡಿದ ಸೆಟ್ಟಿಂಗನ್ನು ಅಲ್ಲಿ ಬದಲಿಸಬೇಡಿ. ಇಳಿದು ಬಂದು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮ್ಯಾನಿಫೋಲ್ಡ್ ನಟ್‌ಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ಗ್ಯಾಸ್ಕೆಟ್ ಕುಗ್ಗಿ ಕುಳಿತಿರುವುದರಿಂದ ಬಹುತೇಕ ಎಲ್ಲವೂ ಸ್ವಲ್ಪ ತಿರುಗುತ್ತವೆ.