ಬೆನ್ನುಮೂಳೆಗಿಂತ ಮೊದಲು ನೋಡಬೇಕಾದದ್ದು: ಕಾರ್ಡೇಟ್ ಪ್ರಾಣಿಗಳನ್ನು ಗುರುತಿಸುವ ಬಗೆ

ಪ್ರಾಣಿಗಳನ್ನು ಬೆನ್ನುಮೂಳೆ ಇರುವವು, ಇಲ್ಲದವು ಎಂದು ಎರಡು ಪಾಲು ಮಾಡುವ ಶಾಲೆಯ ರೂಢಿ ಕಲಿಕೆಯ ಆರಂಭಕ್ಕೆ ಸಾಕಾದರೂ, ಕಾರ್ಡೇಟಾ ಎಂಬ ವಂಶವನ್ನು ಗುರುತಿಸಲು ಸಾಲದು. ಬೆನ್ನುಮೂಳೆ ಇರುವವೆಲ್ಲ ಕಾರ್ಡೇಟ್‌ಗಳೇ ಹೌದು. ಆದರೆ ಕಾರ್ಡೇಟ್‌ಗಳಿಗೆಲ್ಲ ಬೆನ್ನುಮೂಳೆ ಇಲ್ಲ. ನೋಡಬೇಕಾದ ಗುರುತುಗಳು ಬೇರೆ ಇವೆ, ಮತ್ತು ಅವುಗಳಲ್ಲಿ ಹಲವು ಪ್ರಾಣಿಯು ಭ್ರೂಣವಾಗಿಯೋ ಮರಿಯಾಗಿಯೋ ಇರುವಾಗ ಮಾತ್ರ ಕಾಣಸಿಗುತ್ತವೆ. ಮೈಸೂರು, ಮಂಡ್ಯದ ಕಡೆಯ ಅಧ್ಯಾಪಕರಿಗೂ ಮಕ್ಕಳಿಗೆ ತೋರಿಸಬಯಸುವ ಪೋಷಕರಿಗೂ ಇದಕ್ಕೆ ಬೇಕಾದ ಸಾಮಗ್ರಿ ಮೀನಿನಂಗಡಿಯಲ್ಲಿ, ನಾಲೆಯ ಬಯಲಿನ ಗದ್ದೆಯಲ್ಲಿ ಮತ್ತು ರಂಗನತಿಟ್ಟಿನಲ್ಲಿ ದೊರೆಯುತ್ತದೆ.

ಮೊದಲು ಗುರುತುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದೇಹದ ಉದ್ದಕ್ಕೂ ಸಾಗುವ ನೋಟೋಕಾರ್ಡ್ ಒಂದು. ಇದು ಮೂಳೆಯಲ್ಲ, ಬಲವಾದ ಹೊದಿಕೆಯೊಳಗೆ ದ್ರವ ತುಂಬಿದ ಜೀವಕೋಶಗಳು ಒತ್ತಾಗಿ ಕೂಡಿ, ಪಂಪ್‌ಸೆಟ್ಟಿನ ನೀರು ತುಂಬಿ ಬಿಗಿದ ರಬ್ಬರ್ ಪೈಪಿನಂತೆ ಬಾಗಬಲ್ಲದೇ ಹೊರತು ಕುಗ್ಗದ ಸರಳು. ಅದರ ಮೇಲ್ಭಾಗದಲ್ಲಿ, ಅಂದರೆ ಬೆನ್ನಿನ ಕಡೆ, ಒಳಗೆ ಟೊಳ್ಳಾದ ನರಹುರಿ ಎರಡನೆಯದು. ಗಂಟಲಿನ ಎರಡೂ ಬದಿಯ ಸೀಳುಗಳು ಅಥವಾ ಸೀಳಾಗದೆ ಉಳಿದ ಚೀಲಗಳು ಮೂರನೆಯದು. ಗುದದ್ವಾರದಿಂದ ಹಿಂದಕ್ಕೂ ಮುಂದುವರಿಯುವ, ಸ್ನಾಯುಗಳುಳ್ಳ ಬಾಲ ನಾಲ್ಕನೆಯದು. ಗಂಟಲ ಅಡಿಯ ಎಂಡೋಸ್ಟೈಲ್ ಎಂಬ ತೋಡನ್ನು ಐದನೆಯದಾಗಿ ಸೇರಿಸುವುದೂ ಉಂಟು. ನಮ್ಮ ಥೈರಾಯ್ಡ್ ಗ್ರಂಥಿ ಅದರ ಮುಂದುವರಿದ ರೂಪ.

ಈ ಗುರುತುಗಳನ್ನು ಕಣ್ಣಾರೆ ಕಾಣಲು ಒಂದು ಇಡೀ ರೋಹು ಅಥವಾ ಕಟ್ಲಾ ಮೀನನ್ನೂ ನಾಲ್ಕಾರು ಸಿಗಡಿಗಳನ್ನೂ ಶುಚಿ ಮಾಡಿಸದೆ ತಂದು ಅಕ್ಕಪಕ್ಕ ಇಟ್ಟು ಕತ್ತರಿಸುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಮೀನನ್ನು ಅಡ್ಡಲಾಗಿ ತುಂಡು ಮಾಡಿದರೆ ನಡುವೆ ಬೆನ್ನುಮೂಳೆಯ ಬಿಡಿ ಮಣಿಯಾದ ದುಂಡನೆಯ ಕಶೇರುಮಣಿಯೂ, ಅದರ ಮೇಲೆ ಮೂಳೆಯ ಕಮಾನಿನೊಳಗೆ ಬಿಳಿಯ ನರಹುರಿಯೂ, ಅದರ ಕೆಳಗೆ ಕರುಳಿರುವ ಹೊಟ್ಟೆಯ ಗೂಡೂ ಕಾಣುತ್ತವೆ. ಹುರಿಯೊಳಗಿನ ಟೊಳ್ಳು ಬರಿಗಣ್ಣಿಗೆ ಕಾಣದು, ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಕಶೇರುಮಣಿಗಳನ್ನು ಒಂದೊಂದಾಗಿ ಬಿಡಿಸಿದಾಗ ಪ್ರತಿಯೊಂದರ ಎರಡೂ ಮುಖಗಳು ತಗ್ಗಾಗಿರುವುದನ್ನು ಗಮನಿಸಿ. ಹಸಿ ಮೀನಿನಲ್ಲಿ ಆ ತಗ್ಗುಗಳ ನಡುವೆ ಇರುವ ಲೋಳೆಯಂಥ ವಸ್ತುವೇ ನೋಟೋಕಾರ್ಡಿನ ಉಳಿಕೆ. ಮನುಷ್ಯರಲ್ಲಿಯೂ ಅದು ಪೂರ್ತಿ ಅಳಿಯುವುದಿಲ್ಲ: ಬೆನ್ನುಮೂಳೆಯ ಡಿಸ್ಕಿನ ನಡುವಿನ ಮೆತ್ತನೆಯ ತಿರುಳು ಅದರಿಂದಲೇ ಬಂದದ್ದು, ಮತ್ತು ಡಿಸ್ಕ್ ಜಾರಿತು ಎಂದು ಆಸ್ಪತ್ರೆಗೆ ಹೋದವರಲ್ಲಿ ಸಾಮಾನ್ಯವಾಗಿ ಹೊರಕ್ಕೆ ಉಬ್ಬಿರುವುದು ಆ ತಿರುಳೇ.

ಈಗ ಸಿಗಡಿಯನ್ನು ತೆಗೆದುಕೊಳ್ಳಿ. ಅಡುಗೆಯವರು ಬೆನ್ನು ಸೀಳಿ ಎಳೆದು ಎಸೆಯುವ ಕಪ್ಪು ಎಳೆಯನ್ನು ನರವೆಂದು ತಿಳಿಯುವವರು ಬಹಳ ಮಂದಿ. ಅದು ನರವಲ್ಲ, ಕರುಳು. ನರಹುರಿ ಇರುವುದು ಹೊಟ್ಟೆಯ ಕಡೆ, ಕಾಲುಗಳ ನಡುವೆ, ಅದೂ ಟೊಳ್ಳಿಲ್ಲದ ಗಟ್ಟಿ ಹುರಿಯಾಗಿ. ಹೃದಯವೂ ಮೀನಿನಲ್ಲಿ ಕಿವಿರುಗಳ ಹಿಂದೆ ಕೆಳಭಾಗದಲ್ಲಿದ್ದರೆ ಸಿಗಡಿಯಲ್ಲಿ ಬೆನ್ನಿನ ಕಡೆ ಇರುತ್ತದೆ. ಬಾಲದ ಪರೀಕ್ಷೆಯೂ ಇಲ್ಲಿಯೇ ಆಗುತ್ತದೆ: ಮೀನಿನ ಗುದದ್ವಾರವು ಹೊಟ್ಟೆಯ ಕೊನೆಯಲ್ಲಿದ್ದು, ಅದರ ಹಿಂದೆ ದೇಹದ ದೊಡ್ಡ ಭಾಗವೊಂದು ಬರಿಯ ಸ್ನಾಯುವಾಗಿ ಮುಂದುವರಿಯುತ್ತದೆ, ಸಿಗಡಿಯಲ್ಲಾದರೋ ಕರುಳು ನಾವು ಬಾಲವೆಂದು ಕರೆದು ತಿನ್ನುವ ಭಾಗದ ತುದಿಯವರೆಗೂ ಹೋಗುವುದರಿಂದ ಅದು ಈ ಅರ್ಥದಲ್ಲಿ ಬಾಲವೇ ಅಲ್ಲ.

ಗಂಟಲ ಸೀಳುಗಳನ್ನು ಮೀನಿನ ಕಿವಿರಿನ ಮುಚ್ಚಳ ಎತ್ತಿ ನೋಡಬಹುದು. ಆದರೆ ಒಂದೇ ಪ್ರಾಣಿಯಲ್ಲಿ ಅವು ಇದ್ದು ಇಲ್ಲವಾಗುವುದನ್ನು ಕಾಣಬೇಕಾದರೆ ಮಳೆಗಾಲದಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆಗಳಲ್ಲಿ ಗೊದಮೊಟ್ಟೆಗಳನ್ನು ಗಮನಿಸಬೇಕು. ಒಂದೆರಡನ್ನು ಗಾಜಿನ ಲೋಟದಲ್ಲಿ ಅದೇ ಗದ್ದೆಯ ನೀರಿನೊಡನೆ ನೋಡಿ, ಅಲ್ಲಿಯೇ ಬಿಟ್ಟುಬಿಡಿ. ಮನೆಗೆ ತಂದು ನಲ್ಲಿಯ ನೀರಿಗೆ ಹಾಕಿದರೆ ಕ್ಲೋರಿನ್ ಅವನ್ನು ಕೊಲ್ಲಬಹುದು. ವಾರಗಳು ಕಳೆದಂತೆ ಕಿವಿರು ಮತ್ತು ಬಾಲ ಕರಗಿ ಕಪ್ಪೆಯಾಗುತ್ತದೆ. ಬೆಳೆದ ಕಪ್ಪೆಯನ್ನಷ್ಟೇ ನೋಡಿದವನಿಗೆ ನಾಲ್ಕನೆಯ ಗುರುತು ಇಲ್ಲವೆಂದೇ ತೋರೀತು.

ಹೊರರೂಪವನ್ನು ನಂಬಬಾರದು ಎಂಬುದಕ್ಕೆ ಹೂಕುಂಡದ ಮಣ್ಣಿನಲ್ಲಿ ಸಿಗುವ ಕುರುಡುಹಾವು ಸಾಕ್ಷಿ. ಎರೆಹುಳುವಿನಷ್ಟೇ ಗಾತ್ರದ ಇದನ್ನು ಎರೆಹುಳುವೆಂದೇ ಎತ್ತಿ ಎಸೆಯುತ್ತಾರೆ. ಭೂತಗನ್ನಡಿಯಲ್ಲಿ ಹೊಳೆಯುವ ಸಣ್ಣ ಹುರುಪೆಗಳೂ ಕಪ್ಪು ಚುಕ್ಕೆಗಳಂಥ ಕಣ್ಣುಗಳೂ ಆಗಾಗ ಹೊರಚಾಚುವ ನಾಲಿಗೆಯೂ ಕಂಡರೆ ಅದು ಹಾವು, ಅಂದರೆ ಕಾರ್ಡೇಟ್. ದೇಹದ ಉದ್ದಕ್ಕೂ ಉಂಗುರಗಳು ಕಂಡರೆ ಎರೆಹುಳು. ಈ ಹಾವು ನಿರುಪದ್ರವಿ.

ಬೆನ್ನುಮೂಳೆಯಿಲ್ಲದ ಕಾರ್ಡೇಟ್‌ಗಳು ಮಾತ್ರ ಕಾವೇರಿಯಲ್ಲಿ ಸಿಗುವುದಿಲ್ಲ, ಅವು ಸಮುದ್ರವಾಸಿಗಳು. ಮರಳಿನಲ್ಲಿ ಹುದುಗಿ ಬಾಳುವ ಆಂಫಿಯಾಕ್ಸಸ್ ನೋಟೋಕಾರ್ಡನ್ನು ಜೀವನವಿಡೀ ಉಳಿಸಿಕೊಳ್ಳುತ್ತದೆ. ಬಂಡೆಗೋ ಹಡಗಿನ ತಳಕ್ಕೋ ಅಂಟಿಕೊಂಡು ನೀರು ಸೋಸುವ ಅಸಿಡಿಯನ್ ಬೆಳೆದ ಮೇಲೆ ಒಂದು ಚೀಲದಂತಿರುತ್ತದೆ. ಅದರ ಈಜುವ ಮರಿಯ ಬಾಲದಲ್ಲಿ ನೋಟೋಕಾರ್ಡ್ ಇದೆಯೆಂದು ರಷ್ಯದ ಪ್ರಾಣಿಶಾಸ್ತ್ರಜ್ಞ ಅಲೆಕ್ಸಾಂಡರ್ ಕೊವಲೆವ್‌ಸ್ಕಿ 1866ರಲ್ಲಿ ತೋರಿಸುವವರೆಗೆ ಅದನ್ನು ಮೃದ್ವಂಗಿಗಳೊಡನೆ ಸೇರಿಸುತ್ತಿದ್ದರು. ಮೀನಿನಂತೆಯೇ ಕಾಣುವ ಆಂಫಿಯಾಕ್ಸಸ್‌ಗಿಂತ ಈ ಚೀಲವೇ ಕಶೇರುಕಗಳಿಗೆ, ಅಂದರೆ ಬೆನ್ನುಮೂಳೆಯುಳ್ಳ ಪ್ರಾಣಿಗಳಿಗೆ, ಹೆಚ್ಚು ಹತ್ತಿರವೆಂದು ವಂಶವಾಹಿಗಳ ಹೋಲಿಕೆ ಹೇಳುತ್ತದೆ.

ವೈವಿಧ್ಯವನ್ನು ನೋಡಲು ರಂಗನತಿಟ್ಟಿನ ದೋಣಿಯೇ ಸಾಕು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಈ ನಡುಗಡ್ಡೆಗಳಲ್ಲಿ ಬಂಡೆಯ ಮೇಲೆ ಮೊಸಳೆ, ಮರದಲ್ಲಿ ಬಣ್ಣದ ಕೊಕ್ಕರೆ ಮತ್ತು ಬಾವಲಿ, ನೀರಿನಲ್ಲಿ ಮೀನು ಮತ್ತು ಅದೃಷ್ಟವಿದ್ದರೆ ನೀರುನಾಯಿ ಕಾಣುತ್ತವೆ. ಮಕ್ಕಳಿಗೆ ಇಲ್ಲೊಂದು ಪ್ರಶ್ನೆ ಹಾಕಿ: ಮೊಸಳೆ ಹಲ್ಲಿಗೆ ಹತ್ತಿರವೋ, ಕೊಕ್ಕರೆಗೋ? ಉತ್ತರ ಕೊಕ್ಕರೆ. ಹಲ್ಲಿಯ ಹೃದಯಕ್ಕೆ ಮೂರು ಕೋಣೆಗಳಾದರೆ ಮೊಸಳೆಗೂ ಹಕ್ಕಿಗೂ ನಾಲ್ಕು. ಬಾವಲಿ ಹಾರಿದರೂ ಮರಿಗೆ ಹಾಲೂಡಿಸುವುದರಿಂದ ನೀರುನಾಯಿಯ ಜೊತೆಗೆ ಸಸ್ತನಿಗಳ ಸಾಲಿಗೆ ಸೇರುತ್ತದೆ. ಸಂಖ್ಯೆಯ ದೃಷ್ಟಿಯಿಂದ ಮಾತ್ರ ಎಲ್ಲರಿಗಿಂತ ಮುಂದಿರುವುದು ಮೀನುಗಳು. ತಿಳಿದಿರುವ ಕಶೇರುಕ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅವೇ.

ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿಯನ್ನು ನಿಲ್ಲಿಸುವುದುಂಟು. ಆಗ 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯಕ್ಕೆ ಹೋಗಬಹುದು. ಅಲ್ಲಿ ಮಂಗಳವಾರ ರಜೆ.