ಮೂರನೇ ಸಾಲಿನ ಸೀಟು, ಮೂರು ವರ್ಷದ ಸಾಲ: ದೊಡ್ಡ ಎಸ್‌ಯುವಿ ಕೊಂಡ ನನ್ನ ಅನುಭವ

ಮನೆಯಲ್ಲಿ ನಾವು ಆರು ಜನ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಚಿಕ್ಕವನಿಗೆ ಇನ್ನೂ ಚೈಲ್ಡ್ ಸೀಟ್ ಬೇಕು. ಹಾಗಾಗಿ ದೊಡ್ಡ ಗಾಡಿ ಬೇಕೋ ಬೇಡವೋ ಅನ್ನುವ ಚರ್ಚೆಯೇ ಇರಲಿಲ್ಲ. ಯಾವುದು ಕೊಳ್ಳುವುದು, ಹಣ ಹೇಗೆ ಹೊಂದಿಸುವುದು, ಇಷ್ಟೇ ಪ್ರಶ್ನೆ.

ಸಾಮಾನ್ಯವಾಗಿ ಜನ ಮೊದಲು ಗಾಡಿಗೆ ಮನಸೋಲುತ್ತಾರೆ, ಆಮೇಲೆ ಶೋರೂಮಿನಲ್ಲಿ ಕೂತು ಕಂತು ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ನಾನು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡೆ. ಎಷ್ಟು ವರ್ಷ ಇಟ್ಟುಕೊಳ್ಳುತ್ತೇವೆ ಎನ್ನುವುದು ಗೊತ್ತಿದ್ದರೆ ಎರಡಕ್ಕೂ ಉತ್ತರ ತಾನಾಗಿ ಬರುತ್ತದೆ. ನಮ್ಮ ಮನೆಗೆ ಬಂದ ಗಾಡಿ ಬೇಗ ಹೋಗುವುದಿಲ್ಲ. ಕಡಿಮೆ ಅಂದರೂ ಆರೇಳು ವರ್ಷ ಇರುತ್ತದೆ.

ಪಟ್ಟಿಯಲ್ಲಿ ಇದ್ದದ್ದು ಮರ್ಸಿಡಿಸ್ ಜಿಎಲ್‌ಎಸ್, ಬಿಎಂಡಬ್ಲ್ಯೂ ಎಕ್ಸ್7, ಏಳು ಸೀಟಿನ ಉದ್ದ ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ) ರೇಂಜ್ ರೋವರ್, ಲೆಕ್ಸಸ್ ಎಲ್‌ಎಕ್ಸ್. ಕ್ಯಾಡಿಲಾಕ್ ಎಸ್ಕಲೇಡ್ ಮತ್ತು ಲಿಂಕನ್ ನ್ಯಾವಿಗೇಟರ್ ಬಗ್ಗೆಯೂ ಓದಿಕೊಂಡೆ. ಎಂಜಿನ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಈ ದರ್ಜೆಯಲ್ಲಿ ಯಾವ ಎಂಜಿನ್ನೂ ಸೋತು ನಿಲ್ಲುವುದಿಲ್ಲ, ಯಾವುದೂ ಇಂಧನ ಉಳಿಸುವುದೂ ಇಲ್ಲ. ಎರಡೂವರೆ ಟನ್ನಿನ ಆಸುಪಾಸಿನ ತೂಕ ಅಲ್ವಾ!

ನಾನು ಮೊದಲು ಹೋಗಿ ಕೂತದ್ದು ಮೂರನೇ ಸಾಲಿನಲ್ಲಿ. ಸೇಲ್ಸ್‌ನವರು ಮುಂದಿನ ಸೀಟು, ದೊಡ್ಡ ಪರದೆ, ಮಸಾಜು ತೋರಿಸಲು ಕಾಯುತ್ತಿರುತ್ತಾರೆ. ಅವರನ್ನು ಕಾಯಲು ಬಿಡಿ. ಎರಡನೇ ಸಾಲಿನ ಸೀಟನ್ನು ನಿಮಗೆ ಬೇಕಾದಷ್ಟು ಹಿಂದಿಟ್ಟು, ಆಮೇಲೆ ಹಿಂದೆ ಹೋಗಿ ಹತ್ತು ನಿಮಿಷ ಕೂರಿ. ಮೊಣಕಾಲು ಎದೆಯ ಮಟ್ಟಕ್ಕೆ ಬಂದರೆ ಆ ಸೀಟು ಮಕ್ಕಳಿಗೆ ಮಾತ್ರ.

ಹೀಗೇಕೆ ಆಗುತ್ತದೆ ಅನ್ನುವುದು ಗಾಡಿಯ ಅಡಿಯಲ್ಲಿದೆ. ಲೆಕ್ಸಸ್ ಎಲ್‌ಎಕ್ಸ್ ಲ್ಯಾಂಡ್ ಕ್ರೂಸರ್ 300ರ ಜೊತೆ ಹುಟ್ಟಿದ್ದು. ಚಾಸಿಸ್ ಮೇಲೆ ಬಾಡಿ ಕೂರಿಸಿದ ಗಾಡಿ. ಹಿಂದಿನ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್, ಅಂದರೆ ಎರಡನ್ನೂ ಜೋಡಿಸುವ ದಂಡ, ಇದೆ. ಹಳ್ಳ ಬಂದಾಗ ಆ ಆಕ್ಸಲ್ ಪೂರ್ತಿ ಮೇಲೆ ಕೆಳಗೆ ಆಡಬೇಕು. ಅದಕ್ಕೆ ಜಾಗ ಬಿಡಲು ಒಳಗಿನ ನೆಲವನ್ನು ಎತ್ತರಿಸಬೇಕಾಗುತ್ತದೆ. ನೆಲ ಎತ್ತರವಾದರೆ ಮೊಣಕಾಲೂ ಎತ್ತರ. ಎಲ್‌ಎಕ್ಸ್‌ನ ವೀಲ್‌ಬೇಸ್ 2850 ಮಿಲಿಮೀಟರ್. ಜಿಎಲ್‌ಎಸ್‌ನದು 3135, ಎಕ್ಸ್7ದು 3105. ಅಷ್ಟು ವ್ಯತ್ಯಾಸ ಕಾಲಿಗೆ ಗೊತ್ತಾಗಿಯೇ ಆಗುತ್ತದೆ. ಎಸ್ಕಲೇಡ್ ಕೂಡ ಮೊದಲು ಗಟ್ಟಿ ಆಕ್ಸಲ್ ಗಾಡಿಯೇ. 2021ರ ಮಾಡೆಲ್‌ನಿಂದ ಹಿಂದಿನ ಒಂದೊಂದು ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ (ಕುಲುಕಾಟ ತಡೆಯುವ ವ್ಯವಸ್ಥೆ) ಕೊಟ್ಟರು. ನೆಲ ತಗ್ಗಿತು, ಮೂರನೇ ಸಾಲು ದೊಡ್ಡವರು ಕೂರುವಂತಾಯಿತು.

ಹಾಗಂತ ಎಲ್‌ಎಕ್ಸ್ ಕಡಿಮೆ ಗಾಡಿ ಅಂತ ಹೇಳುತ್ತಿಲ್ಲ. ಕಲ್ಲು ಮಣ್ಣಿನ ದಾರಿಯಲ್ಲಿ ವರ್ಷಗಟ್ಟಲೆ ಓಡಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಮ್ಮ ಅತ್ತೆಗೆ ಮೊಣಕಾಲು ನೋವು. ಅವರು ಎಲ್‌ಎಕ್ಸ್ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟು, ಹಿಡಿಕೆ ಹಿಡಿದು, "ಇದಕ್ಕೆ ಏಣಿ ಕೊಡಲ್ವಾ ಇವರು?" ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಚೈಲ್ಡ್ ಸೀಟಿನ ವಿಷಯ ಹೆಚ್ಚು ಜನ ಯೋಚಿಸುವುದಿಲ್ಲ. ಎರಡನೇ ಸಾಲಿನ ಸೀಟನ್ನು ಮಡಚಿ ಮುಂದೆ ಸರಿಸಿದರೆ ತಾನೇ ಹಿಂದೆ ಹೋಗುವುದು? ಅದರ ಮೇಲೆ ಚೈಲ್ಡ್ ಸೀಟ್ ಕಟ್ಟಿದ್ದರೆ ಸಾಮಾನ್ಯವಾಗಿ ಮಡಚಲು ಆಗುವುದಿಲ್ಲ. ಅದಕ್ಕೇ ಮಧ್ಯದಲ್ಲಿ ಎರಡು ಬಿಡಿ ಸೀಟಿರುವ, ಆರು ಜನರ ಗಾಡಿ ನಮಗೆ ಬೇಕಾಯಿತು. ನಡುವಿನ ಸಂದಿಯಲ್ಲಿ ದೊಡ್ಡವಳು ಹಿಂದಕ್ಕೆ ಓಡಿಹೋಗುತ್ತಾಳೆ. ನಮ್ಮ ಚೈಲ್ಡ್ ಸೀಟನ್ನು ಶೋರೂಮಿಗೇ ಹೊತ್ತುಕೊಂಡು ಹೋಗಿ ಕಟ್ಟಿ ನೋಡಿದೆವು. ನೀವೂ ಸಂಕೋಚ ಪಡಬೇಡಿ.

ಇನ್ನು ಡಿಕ್ಕಿ. ಮೂರೂ ಸಾಲು ಎತ್ತಿದಾಗ ಜಿಎಲ್‌ಎಸ್‌ನಲ್ಲಿ ಉಳಿಯುವುದು 355 ಲೀಟರ್, ಎಕ್ಸ್7ನಲ್ಲಿ 326. ಐದು ಮೀಟರಿಗೂ ಉದ್ದದ ಗಾಡಿಗೆ ಇಷ್ಟೇನಾ ಅನಿಸುತ್ತದೆ. ಆರು ಜನರ ಸೂಟ್‌ಕೇಸ್ ಅದರಲ್ಲಿ ಹಿಡಿಯುವುದಿಲ್ಲ. ಸಾಮಾನು ಜಾಸ್ತಿ ಒಯ್ಯುವವರು ಎಸ್ಕಲೇಡ್, ಅದರಲ್ಲೂ ಉದ್ದದ ಇಎಸ್‌ವಿ, ನೋಡಬೇಕು. ಆದರೆ ಇಎಸ್‌ವಿ 5.7 ಮೀಟರಿಗೂ ಉದ್ದ. ಎಕ್ಸ್7 ಮತ್ತು ರೇಂಜ್ ರೋವರ್‌ನ ಹಿಂಬಾಗಿಲು ಎರಡು ಭಾಗವಾಗಿ ತೆರೆಯುತ್ತದೆ. ಕೆಳಗಿನ ಭಾಗ ಕೂರಲು ಚೆನ್ನ. ಒಳಗಿನ ಚೀಲ ತೆಗೆಯಲು ಮಾತ್ರ ಅದರ ಮೇಲೆ ಬಗ್ಗಬೇಕು, ಗಿಡ್ಡ ಇರುವವರಿಗೆ ಕಷ್ಟ. ನಾನು ಗಿಡ್ಡ.

ಅಳತೆ ಟೇಪು ತೆಗೆದುಕೊಂಡು ನಿಲ್ಲಿಸುವ ಜಾಗವನ್ನೂ ಅಳೆಯಿರಿ. ಎಕ್ಸ್7 ಕನ್ನಡಿ ಬಿಟ್ಟು 2 ಮೀಟರ್ ಅಗಲ. ಎರಡೂವರೆ ಮೀಟರಿನ ಪಾರ್ಕಿಂಗ್ ಜಾಗದಲ್ಲಿ ಸರಿಯಾಗಿ ನಡುವೆ ನಿಲ್ಲಿಸಿದರೂ ಒಂದೊಂದು ಪಕ್ಕಕ್ಕೆ ಉಳಿಯುವುದು 25 ಸೆಂಟಿಮೀಟರ್. ಅಷ್ಟರಲ್ಲಿ ಯಾರೂ ಇಳಿಯಲಾರರು. ತಿರುಗಿಸುವ ವಿಷಯದಲ್ಲಿ ಈಗಿನ ರೇಂಜ್ ರೋವರ್ ಎಲ್ಲರಿಗಿಂತ ಮುಂದೆ. ಅದರ ಹಿಂದಿನ ಚಕ್ರಗಳೂ 7 ಡಿಗ್ರಿವರೆಗೆ ತಿರುಗುತ್ತವೆ. ಓಡಿಸಿದಾಗ ಪುಟ್ಟ ಕಾರಿನ ಹಾಗೆ ಹೊರಳುತ್ತದೆ, ನಿಜಕ್ಕೂ ಆಸೆಯಾಯಿತು. ಬೆಲೆ ಮತ್ತು ವಿಮೆ ನೋಡಿ ಕೈಬಿಟ್ಟೆವು. ಗಾಡಿ ಆರಿಸುವ ಮೊದಲೇ ವಿಮೆಯ ಕೊಟೇಶನ್ ತರಿಸಿಕೊಳ್ಳಬೇಕು. ಬ್ರಿಟನ್‌ನಲ್ಲಿ ಕಳ್ಳತನದ ಭಯಕ್ಕೆ ರೇಂಜ್ ರೋವರ್‌ಗಳಿಗೆ ವಿಮೆ ಸಿಗುವುದೇ ಕಷ್ಟವಾಗಿ, 2023ರಲ್ಲಿ ಕಂಪನಿಯೇ ತನ್ನ ಹೆಸರಿನಲ್ಲಿ ವಿಮೆ ಶುರು ಮಾಡಬೇಕಾಯಿತು.

ಹೀಗೆ ಜಿಎಲ್‌ಎಸ್ ಉಳಿಯಿತು. ಈಗ ಹಣ.

ಲೆಕ್ಕ ಸುಲಭವಾಗಲಿ ಎಂದು ಎಲ್ಲವನ್ನೂ 100ಕ್ಕೆ ಇಳಿಸಿದೆ. ಒಂದು ಶೋರೂಮಿನಲ್ಲಿ ಕೇಳಿದ ಮೊದಲ ಪ್ರಶ್ನೆಯೇ, "ಮೇಡಂ, ತಿಂಗಳಿಗೆ ಎಷ್ಟು ಕಟ್ಟಬಹುದು ಹೇಳಿ, ಮಿಕ್ಕಿದ್ದು ನಾನು ಹೊಂದಿಸುತ್ತೇನೆ." ಈ ಪ್ರಶ್ನೆಗೆ ಉತ್ತರ ಕೊಡಲೇಬಾರದು. ಕೊಟ್ಟರೆ ಅವರು ಅವಧಿಯನ್ನು ಎಳೆದು ಎಳೆದು ನೀವು ಹೇಳಿದ ಅಂಕಿಗೆ ತಂದು ನಿಲ್ಲಿಸುತ್ತಾರೆ. 100ರ ಸಾಲಕ್ಕೆ ಶೇಕಡಾ 10 ಬಡ್ಡಿ ಎಂದುಕೊಳ್ಳಿ. 5 ವರ್ಷಕ್ಕೆ ತಿಂಗಳ ಕಂತು 2.12, ಒಟ್ಟು ಕಟ್ಟುವುದು 127.5. 7 ವರ್ಷಕ್ಕೆ ಕಂತು 1.66ಕ್ಕೆ ಇಳಿಯುತ್ತದೆ, ಒಟ್ಟು 139.5ಕ್ಕೆ ಏರುತ್ತದೆ. ಅದಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದು ಅಂಕಿ. 3 ವರ್ಷ ಕಟ್ಟಿದ ಮೇಲೂ 7 ವರ್ಷದ ಸಾಲದಲ್ಲಿ 65 ಬಾಕಿ ಇರುತ್ತದೆ. 5 ವರ್ಷದ್ದಾದರೆ 46. ಈ ದರ್ಜೆಯ ಗಾಡಿಗಳ ಬೆಲೆ ಮೊದಲ ಮೂರು ವರ್ಷದಲ್ಲೇ ಜೋರಾಗಿ ಬೀಳುತ್ತದೆ. ಬಾಕಿ ಸಾಲ ಗಾಡಿಯ ಬೆಲೆಗಿಂತ ಜಾಸ್ತಿ ಇರುವಾಗ ಗಾಡಿ ಕಳುವಾದರೆ, ವಿಮೆಯವರು ಸಾಮಾನ್ಯವಾಗಿ ಕೊಡುವುದು ಗಾಡಿಯ ಅಂದಿನ ಬೆಲೆ. ಮಿಕ್ಕ ಸಾಲ ನಿಮ್ಮ ತಲೆಗೆ.

ಬಡ್ಡಿ ಫ್ಲಾಟ್ ಲೆಕ್ಕವೋ, ಇಳಿಯುವ ಬಾಕಿಯ ಮೇಲಿನ ಲೆಕ್ಕವೋ ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. 5 ವರ್ಷಕ್ಕೆ ಶೇ. 10 ಫ್ಲಾಟ್ ಅಂದರೆ ಇಳಿಯುವ ಬಾಕಿಯ ಲೆಕ್ಕದಲ್ಲಿ ಶೇ. 17ಕ್ಕೂ ಜಾಸ್ತಿ. ಅಸಲು ತೀರುತ್ತಾ ಬಂದರೂ ಪೂರ್ತಿ ಅಸಲಿನ ಮೇಲೇ ಬಡ್ಡಿ ಹಾಕುತ್ತಿರುತ್ತಾರೆ, ಅದಕ್ಕೆ.

ಬಲೂನ್ ಸಾಲವನ್ನೂ ನನಗೆ ತೋರಿಸಿದರು. ಕಂತು ಸಣ್ಣದು, ಕೊನೆಯಲ್ಲಿ ಒಂದು ದೊಡ್ಡ ಮೊತ್ತ. 100ರಲ್ಲಿ 40ನ್ನು ಕೊನೆಗೆ ತಳ್ಳಿದರೆ, ಅದೇ ಶೇ. 10ರಲ್ಲಿ 5 ವರ್ಷದ ಕಂತು 1.61 ಆಗುತ್ತದೆ. ಆದರೆ ಆ 40 ಕರಗುವುದೇ ಇಲ್ಲ, ಅದರ ಮೇಲೆ ಐದೂ ವರ್ಷ ಬಡ್ಡಿ ಓಡುತ್ತದೆ. ಒಟ್ಟು 136.5. ನಾಲ್ಕೈದು ವರ್ಷಕ್ಕೆ ಗಾಡಿ ಬದಲಿಸುವವರಿಗೆ, ದೊಡ್ಡ ಮೊತ್ತ ಒಮ್ಮೆಗೇ ಕೈಗೆ ಬರುವ ವ್ಯಾಪಾರಸ್ಥರಿಗೆ ಇದು ಸರಿಹೋಗಬಹುದು. ನಮಗಲ್ಲ.

ಲೀಸ್, ಅಂದರೆ ಗಾಡಿಯನ್ನು ಕೆಲವು ವರ್ಷಕ್ಕೆ ಬಾಡಿಗೆಗೆ ತೆಗೆದುಕೊಂಡು ವಾಪಸು ಕೊಡುವುದು, ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದರ ಲೆಕ್ಕ ಉಲ್ಟಾ ಕಾಣುತ್ತದೆ. ಲೀಸ್‌ನಲ್ಲಿ ನೀವು ಕೊಡುವುದು ಗಾಡಿಯ ಬೆಲೆಯನ್ನಲ್ಲ, ಅದು ಕಳೆದುಕೊಳ್ಳುವ ಬೆಲೆಯನ್ನು. ಜೊತೆಗೆ ಅವರ ಹಣಕ್ಕೆ ಬಡ್ಡಿ. ಒಂದು ಗಾಡಿ 100ರದು, 3 ವರ್ಷದ ಮೇಲೆ 60 ಬಾಳುತ್ತದೆ ಎಂದುಕೊಳ್ಳಿ. ಇನ್ನೊಂದು 90ರದು, 42 ಬಾಳುತ್ತದೆ. ಶೇ. 10ರ ಬಡ್ಡಿ ಸೇರಿಸಿದರೆ ಮೊದಲನೆಯದಕ್ಕೆ ತಿಂಗಳಿಗೆ 1.78, ಎರಡನೆಯದಕ್ಕೆ 1.88. ಅಗ್ಗದ ಗಾಡಿಯ ಬಾಡಿಗೆಯೇ ಜಾಸ್ತಿ! ಮೂರು ವರ್ಷಕ್ಕೊಮ್ಮೆ ಹೊಸ ಗಾಡಿ ಬೇಕು ಅನ್ನುವವರು ಶೋರೂಮ್ ಬೆಲೆಗಿಂತ ಮರುಮಾರಾಟದ ಬೆಲೆಯನ್ನೇ ಮೊದಲು ನೋಡಬೇಕು. ನನಗೆ ಲೀಸ್ ಬೇಡವಾಗಿದ್ದಕ್ಕೆ ಕಾರಣ ಬೇರೆ. ಕಿಲೋಮೀಟರಿಗೆ ಮಿತಿ ಇರುತ್ತದೆ, ಗೀರಿಗೆ ಕಲೆಗೆ ವಾಪಸು ಕೊಡುವಾಗ ದುಡ್ಡು ಕೇಳುತ್ತಾರೆ. ನಮ್ಮ ಮಕ್ಕಳನ್ನು ನೋಡಿದವರು ನಮಗೆ ಲೀಸ್ ಕೊಡುವುದೇ ಅನುಮಾನ.

ಸೊನ್ನೆ ಬಡ್ಡಿಯ ಸಾಲ ಬರೀ ಮೋಸ ಅನ್ನುತ್ತಾರೆ. ನಾನು ಹಾಗೆ ತಳ್ಳಿಹಾಕುವುದಿಲ್ಲ. ಸೊನ್ನೆ ಬಡ್ಡಿ ತೆಗೆದುಕೊಂಡರೆ ಗಾಡಿಯ ಬೆಲೆಯಲ್ಲಿ ಸಿಗುತ್ತಿದ್ದ ರಿಯಾಯಿತಿ ಹೋಗುತ್ತದೆ ನಿಜ. ಆದರೆ ಎಷ್ಟು ಹೋಗುತ್ತದೆ? ಹೊರಗೆ ಶೇ. 10ಕ್ಕೆ 3 ವರ್ಷದ ಸಾಲ ಮಾಡುವವರಿಗೆ, 100ರ ಮೇಲಿನ ರಿಯಾಯಿತಿ 14ರ ಸುತ್ತ ಇದ್ದಾಗ ಎರಡೂ ಸಮ. ರಿಯಾಯಿತಿ ಅದಕ್ಕಿಂತ ಕಡಿಮೆಯಾದರೆ ಸೊನ್ನೆ ಬಡ್ಡಿಯೇ ಲಾಭ. ಪ್ರೊಸೆಸಿಂಗ್ ಶುಲ್ಕ ಅಂತ ಪಕ್ಕದಲ್ಲಿ ಏನಾದರೂ ಸೇರಿಸಿದ್ದಾರಾ ನೋಡಿಕೊಂಡರೆ ಸಾಕು.

ಈ ಎಲ್ಲ ಲೆಕ್ಕ ಆದ ಮೇಲೆ ನಾವು ಹೊಸದನ್ನೇ ಬಿಟ್ಟೆವು. ಮೂರು ವರ್ಷ ಓಡಿದ, ಒಬ್ಬರ ಕೈಯಲ್ಲೇ ಇದ್ದ ಜಿಎಲ್‌ಎಸ್ ಹುಡುಕಿದೆವು. ಬೆಲೆ ಬೀಳುವ ದೊಡ್ಡ ಹೊಡೆತವನ್ನು ಮೊದಲನೇ ಮಾಲೀಕರು ತಿಂದಾಗಿತ್ತು. ಅರ್ಧ ಹಣ ಕೈಯಿಂದ ಕೊಟ್ಟೆವು, ಉಳಿದರ್ಧಕ್ಕೆ 3 ವರ್ಷದ ಸಾಲ. ಹಳೆಯ ಗಾಡಿಗೆ ಬಡ್ಡಿ ಸ್ವಲ್ಪ ಜಾಸ್ತಿ, ಆದರೂ ಒಟ್ಟು ಬಡ್ಡಿ ತೀರಾ ಕಡಿಮೆ, ಏಕೆಂದರೆ ಸಾಲವೇ ಚಿಕ್ಕದು. ಪೂರ್ತಿ ನಗದು ಕೊಡಬಹುದಿತ್ತು. ಮನೆಯ ಆರು ತಿಂಗಳ ಖರ್ಚಿನ ಹಣವನ್ನು ಮುಟ್ಟುವುದಿಲ್ಲ ಅಂತ ನಾನು ಹಟ ಹಿಡಿದೆ.

ಇಂಥ ಗಾಡಿ ಹಳೆಯದು ಕೊಳ್ಳುವಾಗ ಏರ್ ಸಸ್ಪೆನ್ಷನ್ ನೋಡದೆ ಮುಂಗಡ ಕೊಡಬೇಡಿ. ಗಾಡಿಯನ್ನು ನಿಲ್ಲಿಸುತ್ತಿರುವುದು ರಬ್ಬರಿನ ಗಾಳಿ ಚೀಲಗಳು. ವಯಸ್ಸಾದಂತೆ ರಬ್ಬರ್ ಬಿರಿಯುತ್ತದೆ, ಗಾಳಿ ಸಣ್ಣಗೆ ಸೋರುತ್ತದೆ, ಅದನ್ನು ತುಂಬುತ್ತಾ ತುಂಬುತ್ತಾ ಕಂಪ್ರೆಸರ್ ಸುಟ್ಟುಹೋಗುತ್ತದೆ. ಹಾಗಾಗಿ ಸಂಜೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲಿನ ಅಂಚಿನ ಎತ್ತರ ಅಳೆದಿಟ್ಟು, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಮತ್ತೆ ಅಳೆದೆವು. ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಸೋರಿಕೆ ಇದೆ. ಮೊದಲು ನೋಡಿದ ಒಂದು ಗಾಡಿಯಲ್ಲಿ ಮಾಲೀಕರು ರಾತ್ರಿ ನಿಲ್ಲಿಸಲು ಒಪ್ಪಲೇ ಇಲ್ಲ. ನಾವೂ ಮುಂದೆ ನಡೆದೆವು.

ಟೈರುಗಳನ್ನೂ ನೋಡಿ. ಅದರ ಮೇಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2321 ಅಂದರೆ 2021ರ 23ನೇ ವಾರ. ಜಿಎಲ್‌ಎಸ್‌ನ 21 ಇಂಚಿನ ಚಕ್ರಕ್ಕೆ ಮುಂದೆ 275, ಹಿಂದೆ 315 ಅಗಲದ ಟೈರು. ಹಿಂದಿನದನ್ನು ಮುಂದಕ್ಕೆ ಹಾಕಿ ಸವೆತ ಸಮ ಮಾಡುವ ಹಾಗಿಲ್ಲ, ಬೇಗ ಹೊಸದು ಕೊಳ್ಳಬೇಕು. ಚಿಕ್ಕ ಚಕ್ರದ ಗಾಡಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಟೈರಿನ ಗೋಡೆ ದಪ್ಪ ಇರುತ್ತದೆ, ಗುಂಡಿಯಲ್ಲಿ ರಿಮ್ ಉಳಿಯುತ್ತದೆ, ಅತ್ತೆಯ ಸೊಂಟವೂ.

ವಾರಂಟಿಯನ್ನು ದುಡ್ಡು ಕೊಟ್ಟು ಮುಂದುವರಿಸಿದೆವು. ಅದರಲ್ಲಿ ಗಾಳಿ ಚೀಲ, ಕಂಪ್ರೆಸರ್, ಎಂಜಿನ್ನಿಗೆ ನೆರವಾಗುವ 48 ವೋಲ್ಟ್ ಬ್ಯಾಟರಿ ಸೇರಿದೆಯಾ ಎಂದು ಸಾಲು ಸಾಲು ಓದಿ ಸಹಿ ಹಾಕಿದ್ದು. ಕಂತಿನ ಜೊತೆಗೇ ತಿಂಗಳಿಗೆ ಒಂದಿಷ್ಟು ಹಣ ಬೇರೆ ಖಾತೆಗೆ ಹಾಕುತ್ತಾ ಬಂದೆ. ಗಾಡಿಯನ್ನು ಹಳೆಯದರ ಬೆಲೆಗೆ ಕೊಂಡರೂ ಬಿಡಿಭಾಗಕ್ಕೆ ಹೊಸ ಗಾಡಿಯ ಬೆಲೆಯನ್ನೇ ಕೊಡಬೇಕು. ಆ ಖಾತೆಯಿಂದ ಒಂದು ಸೆಟ್ ಟೈರು, ಬ್ರೇಕ್ ಡಿಸ್ಕ್ ಆಗಿವೆ.

ಸಾಲ ತೀರಿದ ವಾರದಲ್ಲೇ ಬ್ಯಾಂಕಿನಿಂದ ಬಾಕಿ ಇಲ್ಲ ಎನ್ನುವ ಪತ್ರ ತೆಗೆದುಕೊಂಡು, ನೋಂದಣಿ ಪತ್ರದಿಂದ ಮತ್ತು ವಿಮೆಯಿಂದ ಸಾಲ ಕೊಟ್ಟವರ ಹೆಸರು ತೆಗೆಸಿದೆ. ಎರಡೂ ಕಡೆ ಬೇರೆ ಬೇರೆ ಅರ್ಜಿ ಕೊಡಬೇಕಾಯಿತು. ಒಂದು ಕಡೆ ತೆಗೆಸಿದರೆ ಇನ್ನೊಂದು ಕಡೆ ತಾನಾಗಿ ಹೋಗುವುದಿಲ್ಲ.