ಪುಟ್ಟ ಬೇಸ್ ಗಿಟಾರ್‌ನಲ್ಲಿ ಜಿ ತಂತಿ ಮಾತ್ರ ಮೆತ್ತಗೆ ಕೇಳುತ್ತಿದ್ದರೆ
ಕುಂಬಳೆಯ ನಮ್ಮ ಮನೆಯಲ್ಲಿರುವುದು ಸುಮಾರು 21 ಇಂಚು ಸ್ಕೇಲಿನ (ಅಂದರೆ ತಂತಿಯ ಮಿಡಿಯುವ ಭಾಗದ ಉದ್ದ) ಬೇಸ್. ತಂತಿ ಲೋಹದ್ದಲ್ಲ, ರಬ್ಬರಿನಂಥ ಪಾಲಿಯುರೆಥೇನ್. ಆಂಪ್ಲಿಫೈಯರ್‌ಗೆ ಹಾಕಿದರೆ ಇ, ಎ, ಡಿ ಗಟ್ಟಿಯಾಗಿ ಕೇಳುತ್ತಿದ್ದವು. ಜಿ ಅರ್ಧದಷ್ಟೂ ಇಲ್ಲ.

ಬ್ಯಾಟರಿ, ಕೇಬಲ್, ಕೊನೆಗೆ ತಂತಿಯನ್ನೂ ಬದಲಿಸಿದೆ. ಏನೂ ಆಗಲಿಲ್ಲ. ಟ್ರೆಬಲ್ ಏರಿಸಿದರೆ ಬೆರಳು ಉಜ್ಜುವ ಸದ್ದೇ ಜಾಸ್ತಿ. (ಮಳೆಗಾಲದಲ್ಲಿ ಈ ತಂತಿ ಬೆರಳಿಗೆ ಅಂಟುತ್ತದೆ. ಅದಕ್ಕೆ ಚೂರು ಟಾಲ್ಕಂ ಪೌಡರ್ ಸಾಕು.)

ತೊಂದರೆ ಇದ್ದದ್ದು ಸ್ಯಾಡಲ್‌ನ, ಅಂದರೆ ಬ್ರಿಜ್‌ನಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿಯ, ಅಡಿಯಲ್ಲಿ. ಅಲ್ಲಿರುವ ಪೀಜೋ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ತೆಳು ಪಟ್ಟಿ) ಒತ್ತಡದಿಂದಲೇ ಕೆಲಸ ಮಾಡುತ್ತದೆ. ರಬ್ಬರ್ ತಂತಿ ಸ್ಟೀಲಿನಷ್ಟು ಜೋರಾಗಿ ಒತ್ತುವುದಿಲ್ಲ. ಸ್ಯಾಡಲ್ ಮತ್ತು ಪೀಜೋ ನಡುವೆ ಕೂದಲೆಳೆಯಷ್ಟು ಸಂದಿದ್ದರೂ ಸದ್ದು ಬೀಳುತ್ತದೆ.

ಮೊದಲು ಜಿ ಬದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ನಾಲ್ಕೂ ತಂತಿ ಸಡಿಲಿಸಿ ಸ್ಯಾಡಲ್ ಎತ್ತಿದೆ. ಗಾಜಿನ ಮೇಲಿಟ್ಟರೆ ಜಿ ಬದಿಯ ತಳದಲ್ಲಿ ಬೆಳಕು ಕಾಣುತ್ತಿತ್ತು. ಅದೇ ಗಾಜಿಗೆ 400 ನಂಬರಿನ ಸ್ಯಾಂಡ್‌ಪೇಪರ್ ಅಂಟಿಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು, ತಳವನ್ನಷ್ಟೇ ಒಂದೇ ದಿಕ್ಕಿಗೆ ಹತ್ತು ಸಲ ಉಜ್ಜಿದೆ. ಮತ್ತೆ ಬರೀ ಗಾಜಿನ ಮೇಲಿಟ್ಟು ನೋಡಿದೆ. ಬೆಳಕು ಹೋಗುವ ತನಕ ಹೀಗೇ. ಜಾಸ್ತಿ ಉಜ್ಜಬೇಡಿ, ತಂತಿ ತಗ್ಗಿ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿಗೆ) ಬಡಿಯುತ್ತದೆ. ಸ್ಯಾಡಲ್ ಕೂರುವ ಸಂದಿನ ದೂಳನ್ನು ಒಣ ಬ್ರಶ್‌ನಿಂದ ತೆಗೆದು, ಪೀಜೋ ಮಡಚದಂತೆ ಮಲಗಿಸಿ, ಸ್ಯಾಡಲ್ ಕೂರಿಸಿದೆ. ಮೊದಲು ಇ ಮತ್ತು ಜಿ, ಆಮೇಲೆ ಎ ಮತ್ತು ಡಿ ಬಿಗಿದೆ. ಹೀಗೆ ಮಾಡಿದರೆ ಸ್ಯಾಡಲ್ ಓರೆಯಾಗುವುದಿಲ್ಲ.

ಈ ತಂತಿ ಹಿಗ್ಗುತ್ತದೆ, ಎರಡು ದಿನ ಶ್ರುತಿ ಇಳಿಯುತ್ತಲೇ ಇತ್ತು. ಮೂರನೆಯ ದಿನದಿಂದ ನಾಲ್ಕೂ ಸಮನಾಗಿ ಕೇಳುತ್ತಿವೆ.